ಸಮತಾಳ ಮುಖದ ಕೆಂಪು ಚುಕ್ಕೆ

ಪಕ್ಕದ ಮನೆ ದುರ್ಗಮ್ಮ ಭದ್ರಾವತಿ ಓಲ್ಡ್ ಟೌನಿನಲ್ಲಿ ಸೊಪ್ಪು ಮಾರಿ ಮಗ ಕಾಂತರಾಜನನ್ನು ಸಾಕಿದವಳು. ಕೇಳದಿದ್ದರೂ ಒಂದು ಹಿಡಿ ಹೆಚ್ಚು ಹಾಕುತ್ತಾಳೆ, ಬಾಯಿ ಮಾತ್ರ ಖಾರ. ಅವಳಿಗೊಬ್ಬ ಮಗಳೂ ಇದ್ದಳು, ಅವನಿಗಿಂತ ದೊಡ್ಡವಳು. ಆ ಮಗುವಿಗೆ ದಡಾರ ಎದ್ದಾಗ, ಅಂದರೆ ನಮ್ಮ ಮಾತಿನಲ್ಲಿ ಅಮ್ಮ ಬಂದಾಗ, ಗಂಡ ಹಠ ಹಿಡಿದು ಇಂಜೆಕ್ಷನ್ ಹಾಕಿಸಿದ. ಮರುದಿನ ಮಗು ಹೋಯಿತು. ಸೂಜಿ ಚುಚ್ಚಿದ್ದಕ್ಕೇ ಅಮ್ಮ ಮುನಿದಳು ಅಂತ ದುರ್ಗಮ್ಮನ ಎದೆಯಲ್ಲಿ ಕೂತುಬಿಟ್ಟಿತು.

ಹೋದ ಬೇಸಗೆಯಲ್ಲಿ ಸೊಸೆ ಸಮತಾ ಬಸುರಿಯಾದಳು. ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿ. ನೀರು ಕುಡಿದರೂ ವಾಂತಿ. ಗೋಡೆಯಾಚೆ ಅವಳು ಓಕರಿಸುವುದು ನಮ್ಮ ಮನೆಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಸದ್ದೇ ಇಲ್ಲ. ಹೊರಗೆ ಬಂದು ನೋಡಿದರೆ ಅವರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ದುರ್ಗಮ್ಮ ಹೊಸ್ತಿಲಲ್ಲೇ ನನ್ನನ್ನು ತಡೆದಳು.

"ಅಮ್ಮ ಬಂದಿದ್ದಾಳೆ ಅಕ್ಕ. ಕಣ್ಣ ಸುತ್ತ, ಕೆನ್ನೆ ತುಂಬ ಕೆಂಪಗಾಗಿದೆ. ನೀವು ಒಳಗೆ ಬರ್ಬೇಡಿ."

"ಡಾಕ್ಟರಿಗೆ ತೋರಿಸಿದೆಯೇನೇ?"

"ಅಮ್ಮನಿಗೆ ಡಾಕ್ಟರಾ? ಬಿಡ್ತು ಅನ್ನಿ!"

ಅವರ ಮನೆಯಲ್ಲಿ ಒಗ್ಗರಣೆ ನಿಂತಿತು. ಕಾಂತರಾಜ ಕೆಲಸ ಬಿಟ್ಟು ಜಗಲಿಯಲ್ಲಿ ಕೂತ. "ಆಸ್ಪತ್ರೆಗೆ ಕರ್ಕೊಂಡು ಹೋಗೋ ಮಾರಾಯ" ಅಂದೆ. "ಅಕ್ಕನ ಹಾಗೆ ಇವಳೂ ಹೋದ್ರೆ ಅವ್ವ ಬದುಕ್ತಾಳಾ ಅಜ್ಜಿ?" ಅಂತ ಕಣ್ಣೊರೆಸಿಕೊಂಡ.

ಮಾರನೇ ಬೆಳಿಗ್ಗೆ ದುರ್ಗಮ್ಮ ಗುಡಿಗೆ ತೀರ್ಥ ತರಲು ಹೋದಾಗ ಹಿತ್ತಲಿಂದ ಒಳಗೆ ಹೋದೆ. ಬೇವಿನೆಲೆಯ ಮೇಲೆ ಮಲಗಿದ್ದಳು ಹುಡುಗಿ. ತುಟಿ ಸುಟ್ಟ ರೊಟ್ಟಿಯ ಹಾಗೆ ಒಡೆದಿತ್ತು.

"ಅಜ್ಜಿ, ನಿನ್ನೆಯಿಂದ ಒಂದಕ್ಕೂ ಹೋಗಿಲ್ಲ."

ಹಣೆ ಮುಟ್ಟಿದೆ, ತಣ್ಣಗಿತ್ತು. ಕೆನ್ನೆ ಸವರಿದೆ, ಗುಳ್ಳೆಯಿಲ್ಲ. ನುಣ್ಣನೆ ಚರ್ಮದ ಒಳಗೆ ಯಾರೋ ಕುಂಕುಮದ ನೀರು ಚಿಮುಕಿಸಿದ ಹಾಗೆ. ಕುತ್ತಿಗೆಯಿಂದ ಕೆಳಗೆ ಒಂದೂ ಇಲ್ಲ. ತಟ್ಟನೆ ನೆನಪಾಯಿತು: ನನ್ನ ರಶ್ಮಿ ಹೊಟ್ಟೆಯಲ್ಲಿದ್ದಾಗ ವಾಂತಿ ಮಾಡಿ ಮಾಡಿ ನನ್ನ ಮುಖವೂ ಹೀಗೇ ಆಗಿತ್ತು. ಮಗ ಹೊಡೆದಿದ್ದಾನೆ ಅಂದುಕೊಂಡು ನಮ್ಮತ್ತೆ ಪಾಪ ನಮ್ಮ ಯಜಮಾನರಿಗೆ ಪೊರಕೆ ಎತ್ತಿದ್ದರು.

ಹಿಂದೆಯೇ ದುರ್ಗಮ್ಮನ ಕೂಗು. "ಮುಟ್ಟಿದ್ರಾ? ಗಂಡನ್ನ ನುಂಗಿದ್ದು ಸಾಲ್ದಾ ನಿಮಗೆ?"

ಆ ಮಾತು ತಾಗಬೇಕಾದ ಕಡೆಯೇ ತಾಗಿತು. ಅಳೋದಕ್ಕೆ ಹೊತ್ತಿರಲಿಲ್ಲ. ಅವಳ ಕೈ ಎಳೆದು ಸೊಸೆಯ ಕೆನ್ನೆ ಮೇಲಿಟ್ಟೆ.

"ಸವರಿ ನೋಡು ಮಾರಾಯ್ತಿ. ಕೈಗೇನಾದ್ರೂ ಸಿಗುತ್ತಾ? ನಿನ್ನ ಮಗಳದ್ದು ಹೀಗಿತ್ತಾ?"

ಅವಳ ಬೆರಳು ಸುಮಾರು ಹೊತ್ತು ಅಲ್ಲೇ ಓಡಾಡಿತು. "ಇಲ್ಲ. ಅವಳ ಮೈಯೆಲ್ಲ ತರಿತರಿಯಾಗಿ ಎದ್ದಿತ್ತು. ಕೆಂಡದ ಹಾಗೆ ಸುಡ್ತಿತ್ತು." ಅಷ್ಟರಲ್ಲಿ ಸಮತಾಳ ಕಣ್ಣು ಮೇಲಕ್ಕೆ ಹೋಯಿತು.

"ಕಾಂತಾ, ಆಟೋ ತಾರೋ!" ಅಂತ ದುರ್ಗಮ್ಮನೇ ಕೂಗಿದಳು.

ಇಲ್ಲಿನ ಡಾಕ್ಟರು ನೋಡಿದವರೇ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಡಾಕ್ಟರಮ್ಮ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ವಾಂತಿಯ ರಭಸಕ್ಕೆ ಮುಖದ ಸಣ್ಣ ರಕ್ತನಾಳ ಒಡೆದಿವೆ. ಚುಕ್ಕೆ ತಾನೇ ಮಾಸುತ್ತೆ. ಆದ್ರೆ ಮೈಯಲ್ಲಿ ನೀರೇ ಇಲ್ಲ. ಕಿಡ್ನಿ ಸೋಲ್ತಿದೆ. ಮೂತ್ರ ಬಂದ್ರೆ ತಾಯಿ ಉಳೀತಾಳೆ, ತಾಯಿ ಉಳಿದ್ರೆ ಮಗು."

ಸೂಜಿ ಚುಚ್ಚುವಾಗ ದುರ್ಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಮನೆಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಬೇವಿನ ಕಡ್ಡಿ ಹಾಗೇ ಇತ್ತು. ಬಾಟ್ಲಿ ಮೇಲೆ ಬಾಟ್ಲಿ ಇಳಿಯಿತು. ನರ್ಸು ಬಂದು ಬಂದು "ಒಂದಕ್ಕೆ ಹೋದ್ರಾ?" ಅನ್ನೋದು, ನಾವು ಇಲ್ಲ ಅಂತ ತಲೆಯಾಡಿಸೋದು. ಕಾಂತರಾಜ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಅಳುತ್ತಿದ್ದ. ನನಗೂ ಆಸೆ ಬಿಟ್ಟುಹೋಗಿತ್ತು.

ಹೊತ್ತು ಇಳಿಯುವಾಗ ಸಣ್ಣ ದನಿ ಬಂತು. "ಅತ್ತೆ, ಒಂದಕ್ಕೆ ಬರ್ತಿದೆ."

ನಾನು ಏಳುವ ಮೊದಲೇ ದುರ್ಗಮ್ಮ ಪಾತ್ರೆ ಹಿಡಿದಿದ್ದಳು. ಚಹಾದ ಬಣ್ಣದ ಒಂದು ಬೊಗಸೆ ನೀರು. ಅದನ್ನು ಎರಡೂ ಕೈಯಲ್ಲಿ ಹಿಡಿದು ವಾರ್ಡಿನ ತುಂಬ "ಬಂತು, ಬಂತು" ಅಂತ ಓಡಾಡಿದಳು. ನರ್ಸು ಬೈದು ಕಸಿದುಕೊಂಡಳು.

ಕೈ ತೊಳೆದು ಬಂದವಳು ನನ್ನ ಮುಖ ನೋಡಲಿಲ್ಲ. ಸೊಸೆಯ ಕೈ ತೆಗೆದು ನನ್ನ ಕೈಯಲ್ಲಿಟ್ಟಳು.

"ನೀವೇ ಹಿಡ್ಕೊಂಡು ಕೂತಿರಿ ಅಕ್ಕ. ನಿಮ್ಮ ಕೈ ಒಳ್ಳೇದು."