ಎರಡನೇ ನಂಬರಿನ ಮೋಟರು

ಹದಿನಾಲ್ಕು ತಿಂಗಳ ನನ್ನ ಸಂಶೋಧನೆ ಸುಳ್ಳು ಅಂತ ನನಗೆ ಗೊತ್ತಾದದ್ದು ಹೊಳೆನರಸೀಪುರದ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ಒಂದು ರಿವೈಂಡಿಂಗ್ ಅಂಗಡಿಯಲ್ಲಿ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಹಾಸನದಲ್ಲಿ ಪರಿಶೀಲನಾ ಸಮಿತಿಯ ಮುಂದೆ ನಾನು ವರದಿ ಒಪ್ಪಿಸಬೇಕಿತ್ತು. ಸಮಿತಿ ಒಪ್ಪಿದರೆ ಲ್ಯಾಬಿನಲ್ಲಿ ಇನ್ನು ಮೂರು ವರ್ಷ ನನ್ನ ಕೆಲಸ ಗಟ್ಟಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಗಂಟುಮೂಟೆ ಕಟ್ಟಬೇಕು. ಅಂಗಡಿಗೆ ಹೋಗಿದ್ದು ಒಂದು ಫೋಟೊಗಾಗಿ ಅಷ್ಟೆ. ಸುಟ್ಟ ಮೋಟರಿನ ಒಳಗು ಹೇಗಿರುತ್ತದೆ ಅಂತ ಸಮಿತಿಯವರಿಗೆ ತೋರಿಸುವ ಆಸೆಯಿತ್ತು.

ನಾನು ಮಾಡಿದ್ದು ಟಿಫನ್ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕದಲ್ಲಿ ಅದನ್ನು ಕೂರಿಸಬೇಕು. ಹಳ್ಳಿಯ ಕರೆಂಟು ಮೂರು ಫೇಸಿನಲ್ಲಿ ಒಂದನ್ನು ಯಾವಾಗ ಕೈಬಿಡುತ್ತದೋ ಹೇಳಲಾಗದು. ಆಗ ಮೋಟರು ಉಳಿದೆರಡರಲ್ಲೇ ಏದುಸಿರು ಬಿಡುತ್ತ ಓಡಿ ಸುಟ್ಟುಹೋಗುತ್ತದೆ. ಅದಕ್ಕೆ ಮೊದಲೇ ನನ್ನ ಪೆಟ್ಟಿಗೆ ಮೋಟರನ್ನು ನಿಲ್ಲಿಸಬೇಕು, ನಿಲ್ಲಿಸಿದ್ದನ್ನು ಲ್ಯಾಬಿಗೆ ತಿಳಿಸಬೇಕು. ಮೂರು ಕಡೆ ಹಾಕಿ, ಗುರುತಿಗೆ ಮೋಟರುಗಳ ಮೇಲೆ ನಂಬರು ಬರೆದಿದ್ದೆ. ದುದ್ದದ ರೈತರು ಎರಡನೇ ತಿಂಗಳಿಗೇ ಇದರ ಕಾಟ ಬೇಡ ಅಂತ ಕಿತ್ತು ಕೈಗೆ ಕೊಟ್ಟರು. ಚನ್ನರಾಯಪಟ್ಟಣದ ಕಡೆಯ ಕೊಳವೆಬಾವಿ ಬತ್ತಿತು. ಕೊನೆಗೆ ಉಳಿದದ್ದು ಮಲ್ಲಿಪಟ್ಟಣದ ಹತ್ತಿರ, ನನ್ನ ಸೋದರಮಾವನ ಶುಂಠಿ ಹೊಲದ ಬಾವಿ, ಅಲ್ಲಿಯದು ಎರಡನೇ ನಂಬರಿನ ಮೋಟರು.

ಅಲ್ಲಿಂದ ಬಂದ ಅಂಕಿಗಳು ತೊಳೆದ ಅಕ್ಕಿಯ ಹಾಗಿದ್ದವು. ಮೊದಲ ವಾರ ಬಿಟ್ಟರೆ ಪೆಟ್ಟಿಗೆ ಮೋಟರು ನಿಲ್ಲಿಸಿದ್ದು ಒಂಬತ್ತೇ ಸಲ, ಒಂಬತ್ತೂ ಸರಿಯಾದ ಕಾರಣಕ್ಕೆ. ಮೋಟರು ಒಮ್ಮೆಯೂ ಸುಟ್ಟಿಲ್ಲ. ನಡುನಡುವೆ ಖಾಲಿ ಗಂಟೆಗಳಿದ್ದವು, ಅವು ಕರೆಂಟಿಲ್ಲದ ಹೊತ್ತು ಅಂತ ನಾನೇ ಷರಾ ಬರೆದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾನಲ್ಲ ಅಂತ ಲ್ಯಾಬಿನಲ್ಲಿ ಜಂಬ ಕೊಚ್ಚುತ್ತಿದ್ದವಳು, ಇಲ್ಲಿ ಹಗ್ಗ ಹಿಡಿದು ಕಟ್ಟಿಯೇ ಬಿಟ್ಟಿದ್ದೆ.

ಅಂಗಡಿಯ ಮುಂದೆ ಬಿಚ್ಚಿಟ್ಟ ನಾಲ್ಕೈದು ಮೋಟರುಗಳಿದ್ದವು. ಒಂದರ ಮೈಮೇಲೆ ಕೆಂಪು ನೇಲ್ ಪಾಲಿಶಿನಲ್ಲಿ ಎರಡು ಅಂತ ಬರೆದಿತ್ತು. ಬರೆದವಳು ನಾನೇ. ಆ ದಿನ ಬ್ಯಾಗಿನಲ್ಲಿ ಬೇರೆ ಬಣ್ಣವಿರಲಿಲ್ಲ.

"ಇದು ಯಾರದ್ದು?" ಅಂತ ಅಂಗಡಿಯವರನ್ನು ಕೇಳಿದೆ.

"ಮಲ್ಲಿಪಟ್ಣದ ಕಡೇದು ಕಣಮ್ಮ. ಎಲ್ಡನೇ ಸಲ ಬಂದೈತೆ. ಫೇಸ್ ಓಗಿದ್ರೂ ಓಡ್ಸವ್ರೆ, ನೋಡಿ ಇಲ್ಲಿ."

ನೋಡಿದೆ. ಎರಡು ಫೇಸಿನ ಸುರುಳಿಗಳು ಕಪ್ಪಗೆ ಕರಕಲಾಗಿದ್ದವು, ಮೂರನೆಯದು ಹೊಸದರಂತಿತ್ತು. ಇದನ್ನು ತಪ್ಪಿಸುವುದಕ್ಕೇ ನಾನು ಹುಟ್ಟಿದ್ದೇನೆ ಅನ್ನುವ ಹಾಗೆ ವರದಿ ಬರೆದಿದ್ದೆ. ಫೋಟೊ ತೆಗೆಯದೆ ಬಸ್ ಸ್ಟ್ಯಾಂಡಿಗೆ ನಡೆದೆ.

ಅರಕಲಗೂಡಿನ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಮಾವನ ಊರಿಗೆ ಹತ್ತಿರ ಅರಕಲಗೂಡು. ಅಲ್ಲಿಯ ರಿವೈಂಡಿಂಗ್ ಅಂಗಡಿಯವರಿಗೆಲ್ಲ ನನ್ನ ಪರಿಚಯವಿದೆ. ಅದಕ್ಕೇ ಅಷ್ಟು ಭಾರದ ಮೋಟರನ್ನು ಹೊಳೆನರಸೀಪುರದ ತನಕ ಹೊತ್ತಿದ್ದಾನೆ. ಅಂದರೆ ತಿಳಿದೇ ಮುಚ್ಚಿಟ್ಟಿದ್ದಾನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆ ದಿನವಂತೂ ಮಲ್ಲಿಪಟ್ಟಣ ಬರುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು. ನಾನು ಎಲೆಕ್ಟ್ರಿಕಲ್ ತಗೊಂಡಾಗ ಮನೆಯವರೆಲ್ಲ ಕಂಬ ಹತ್ತೋಕಾ ಅಂತ ನಕ್ಕಿದ್ದರು. ಓದ್ಲಿ ಬುಡ್ರಿ ಅಂದು ಕಾಲೇಜಿನ ಸೀಟಿಗಾಗಿ ನನ್ನ ಜೊತೆ ಓಡಾಡಿದವನು ಈ ಮಾವ ಒಬ್ಬನೇ. ಅವನೇ ಹೀಗೆ ಮಾಡಿದನಲ್ಲ ಅನ್ನುವುದು ಹೆಚ್ಚು ಉರಿಯಿತು.

ಮಾವ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತಿದ್ದ. ಒಳಗೆ ಮೋಟರಿನ ಜಾಗ ಖಾಲಿ.

"ಮೋಟ್ರೆಲ್ಲಿ ಮಾವ?"

"ಸರ್ವೀಸ್‌ಗೆ ಕೊಟ್ಟಿವ್ನಿ ಕಣವ್ವ."

"ಅರಕಲಗೂಡು ಬುಟ್ಟು ಒಳೆನರಸೀಪುರಕ್ಕೆ ಯಾಕ್ ಕೊಟ್ಟೆ?"

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳತೊಡಗಿದ. "ಬಲ್ಬು ಮಂಕಾದ್ರೆ ಒಂದ್ ಫೇಸ್ ಓಯ್ತು ಅಂತ ಗೊತ್ತಾಗ್ತದೆ. ಆಗ ನಿನ್ ಪೆಟ್ಗೆ ಬಿಚ್ಚಿಟ್ಟು ಡೈರೆಕ್ಟ್ ಕೊಡ್ತಿದ್ದೆ, ಶುಂಠಿಗೆ ನೀರ್ ಬ್ಯಾಡ್ವಾ? ಕರೆಂಟ್ ಸರಿಯಾದ್ಮ್ಯಾಲೆ ತಿರ್ಗಾ ಸೇರುಸ್ತಿದ್ದೆ. ನಾನು ಸಂತೆಗೆ ಗಿಂತೆಗೆ ಓಗಿದ್ದಾಗ ಅದು ನಿಂತೈತೆ ಅಷ್ಟೇಯ."

ನನ್ನ ಒಂಬತ್ತು ಸಲ ಅಂದರೆ ಮಾವ ಸಂತೆಗೆ ಹೋಗಿದ್ದ ಒಂಬತ್ತು ದಿನ. ನಾನು ಕರೆಂಟಿಲ್ಲ ಅಂತ ಓದಿದ ಗಂಟೆಗಳಲ್ಲೆಲ್ಲ ಮೋಟರು ಪೆಟ್ಟಿಗೆಯಿಲ್ಲದೆ ಬೇಯುತ್ತಿತ್ತು.

"ಯಾಕ್ ಮಾವ ಇಂಗೆ ಮಾಡ್ದೆ?"

"ಮೊದಲ್ನೇ ವಾರ ಅದು ನಾಕ್ ಸಲ ನಿಂತಾಗ ನೀನೇ ಅಲ್ವಾ ಇಲ್ಲಿ ಕುಂತ್ಕಂಡು ಅತ್ತಿದ್ದು? ಇದು ಇಂಗೇ ನಿಂತ್ರೆ ನನ್ ಕೆಲ್ಸ ಓಯ್ತದೆ ಮಾವ ಅಂದೆ."

ಅಂದಿದ್ದೆ. ಆ ವಾರ ಪೆಟ್ಟಿಗೆ ಮೋಟರು ನಿಲ್ಲಿಸಿದ್ದು ಕಾರಣವಿಲ್ಲದೆ, ಪ್ರೋಗ್ರಾಮಿನಲ್ಲಿ ನಾನು ಮಾಡಿದ ತಪ್ಪಿನಿಂದ. ತಪ್ಪು ತಿದ್ದಿಕೊಂಡು ಹಾಸನಕ್ಕೆ ಹೋದೆ. ಇನ್ನು ಮುಂದೆ ಮೋಟರು ನಿಂತರೆ ಒಳ್ಳೆಯದು, ನಿಲ್ಲಿಸುವುದೇ ಪೆಟ್ಟಿಗೆಯ ಕೆಲಸ ಅಂತ ಮಾವನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಇಷ್ಟು ಗೊತ್ತಾದ ಮೇಲೂ ಬಾಯಿ ಸುಮ್ಮನಿರಲಿಲ್ಲ.

"ನನ್ನ ಕಾಪಾಡು ಅಂತ ನಿಂಗ್ಯಾರು ಏಳಿದ್ರು?"

"ಎಲ್ಡು ಸಲ ಸುಟ್ಟಿದ್ದು ನನ್ ಮೋಟ್ರು ಕಣವ್ವ. ನಿಂದೇನೋಯ್ತು?"

"ನಂದು ಎಲ್ಲಾ ಓಯ್ತು" ಅಂದೆ. ಅತ್ತೆ ಕಾಫಿ ತರುವುದರೊಳಗೆ ಎದ್ದು ಬಂದುಬಿಟ್ಟೆ.

ಹಾಸನದ ಬಸ್ಸಿನಲ್ಲಿ ಬೇರೆ ಬುದ್ಧಿ ಕೆಲಸ ಶುರುಮಾಡಿತು. ಯಾರಿಗೆ ಗೊತ್ತಾಗುತ್ತದೆ? ಖಾಲಿ ಗಂಟೆಗಳನ್ನು ಯಾರೂ ಪರೀಕ್ಷಿಸುವುದಿಲ್ಲ. ರಿವೈಂಡಿಂಗ್ ಅಂಗಡಿಯವರಿಗೆ ನನ್ನ ಮುಖವೂ ನೆನಪಿರಲಾರದು. ಮಾವನಂತೂ ಸತ್ತರೂ ಬಾಯಿ ಬಿಡುವುದಿಲ್ಲ. ಲ್ಯಾಪ್‌ಟಾಪ್ ತೆರೆದು ವರದಿ ನೋಡಿದೆ, ಎಲ್ಲ ಎಷ್ಟು ಚೆಂದ ಕೂತಿತ್ತು. ಹಾಗೆಯೇ ಒಪ್ಪಿಸಿಬಿಡುವುದು ಅಂತ ತೀರ್ಮಾನವನ್ನೂ ಮಾಡಿದೆ. ಈಗ ಸುಳ್ಳು ಹೇಳುವುದಿಲ್ಲ, ಆಗ ಹಾಗೇ ಮಾಡುವವಳಿದ್ದೆ.

ಬೆಳಿಗ್ಗೆ ನನ್ನ ಸಂಶೋಧನೆಯ ಗೈಡ್ ಮುಖ ಕಂಡೊಡನೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಸಮಿತಿ ಸೇರಲು ಹದಿನೈದು ನಿಮಿಷವಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ಹೇಳಬೇಡಮ್ಮ. ಮೊದಲು ಮಂಜೂರಾಗಲಿ. ಆಮೇಲೆ ತಿದ್ದುಪಡಿ ಕೊಟ್ಟರಾಯಿತು" ಅಂದರು. ಕೆಟ್ಟವರಲ್ಲ ಅವರು, ನನ್ನ ಜಾಗ ಉಳಿಯಲಿ ಅಂತಲೇ ಹೇಳಿದ್ದು. ಮಾವ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು. ಎಲ್ಲರೂ ನನ್ನನ್ನು ಉಳಿಸುವವರೇ, ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ಯಾರಿಗೂ ಬೇಡ.

ಸಮಿತಿಯಲ್ಲಿ ಐದು ಜನ. ಎರಡು ಸ್ಲೈಡ್ ಚೆನ್ನಾಗಿಯೇ ಹೋಯಿತು. ಮೂರನೆಯದು ಮಲ್ಲಿಪಟ್ಟಣದ ಬಾವಿಯದು. ಹಿರಿಯರೊಬ್ಬರು ಮುಂದಕ್ಕೆ ಬಾಗಿ, "ಈ ಖಾಲಿ ಗಂಟೆಗಳು ಏನು?" ಅಂತ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಪರದೆಯ ಕಡೆ ಹೋಯಿತು. ಗೈಡ್ ಕಿಟಕಿಯ ಕಡೆ ನೋಡುತ್ತಿದ್ದರು. ಕರೆಂಟ್ ಇರಲಿಲ್ಲ ಸರ್ ಅನ್ನುವ ಮಾತು ಬಾಯಿತನಕ ಬಂದಿತ್ತು.

"ಆಗ ಪೆಟ್ಟಿಗೆ ಬಿಚ್ಚಿಟ್ಟಿದ್ದರು ಸರ್. ಮೋಟರ್ ಎರಡು ಸಲ ಸುಟ್ಟಿದೆ. ನನಗೆ ನಿನ್ನೆ ಗೊತ್ತಾಯಿತು" ಅಂದೆ.

"ಬಿಚ್ಚಿಟ್ಟ ರೈತರು ಯಾರು?" ಅಂತ ಮತ್ತೊಬ್ಬರು ಕೇಳಿದರು.

"ನನ್ನ ಸೋದರಮಾವ ಸರ್."

ನನ್ನನ್ನು ಹೊರಗೆ ಕೂರಿಸಿದರು. ಮುಕ್ಕಾಲು ಗಂಟೆ ಆ ಬೆಂಚಿನ ಮೇಲೆ ಕೂತಿದ್ದೆ. ಮೂರು ವರ್ಷದ ಜಾಗ ಬೇರೆಯವರಿಗೆ ಹೋಯಿತು. ನನಗೆ ಆರು ತಿಂಗಳು ಕೊಟ್ಟರು, ಪ್ರಯೋಗ ಮೊದಲಿನಿಂದ ಆಗಬೇಕು, ಆಮೇಲೆ ನೋಡೋಣ ಅಂದರು. ಗೈಡ್ ಆ ದಿನ ನನ್ನನ್ನು ಕಾಯದೆ ಮನೆಗೆ ಹೋದರು. ಮಾರನೇ ದಿನ ಪೆಟ್ಟಿಗೆಗೆ ಬೇಕಾದ ಹೊಸ ಸಾಮಾನಿನ ಪಟ್ಟಿಗೆ ಸಹಿ ಹಾಕಿ ಕಳಿಸಿದರು.

ಭಾನುವಾರ ಮತ್ತೆ ಮಲ್ಲಿಪಟ್ಟಣಕ್ಕೆ ಹೋದೆ. ರೇಗಿದ್ದಕ್ಕೆ ನಾಚಿಕೆಯಾಗಿತ್ತು, ಆದರೂ ಆರು ತಿಂಗಳು ಮಳೆ ಬಿಸಿಲೆನ್ನದೆ ಪೆಟ್ಟಿಗೆ ನೋಡಿಕೊಳ್ಳುವವನು ಮಾವನಲ್ಲದೆ ಬೇರೆ ಯಾರೂ ಕಾಣಲಿಲ್ಲ. ನಿಂತರೆ ಮುಟ್ಟಬೇಡ ಅಂತ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದುಕೊಂಡು ಹೋಗಿದ್ದೆ. ಮಾವ ಅದನ್ನು ಎರಡು ಸಲ ಓದಿದ. ಒಳಗೆ ಹೋಗಿ, ಒರೆಸಿ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಪೆಟ್ಟಿಗೆ ತಂದು ನನ್ನ ಮಡಿಲಿಗಿಟ್ಟ.

"ಕೆಲ್ಸ ಓಯ್ತಾ?"

"ಆರ್ ತಿಂಗ್ಳು ಕೊಟ್ಟವ್ರೆ ಮಾವ."

"ಅಂಗಾದ್ರೆ ನನ್ ಬಾವಿ ಬ್ಯಾಡ ಕಣವ್ವ. ನಿಲ್ಸೋದೇ ಅದ್ರ ಕೆಲ್ಸ ಅಂತ ಈಗ ಗೊತ್ತಾಯ್ತು. ಆದ್ರೂ ಮೋಟ್ರು ನಿಂತೇಟ್ಗೆ ನೀನು ಕುಂತ್ಕಂಡು ಅಳೋದೇ ಕಾಣ್ತದೆ. ನನ್ ಕೈ ಸುಮ್ಕಿರಕ್ಕಿಲ್ಲ. ನಿನ್ ಮ್ಯಾಲೆ ಅಕ್ಕರೆ ಇಲ್ದೋರ ಬಾವಿ ನೋಡಿ ಆಕು."

ಸಮಿತಿಯ ಮುಂದೆ ಬಾರದ ಅಳು ಆಗ ಬಂತು. ಮಾವ ನೋಡದಿರಲಿ ಅಂತ ಎದ್ದು, ಪೆಟ್ಟಿಗೆ ಕಂಕುಳಿಗೆ ಸಿಕ್ಕಿಸಿಕೊಂಡು, ಅಂಥವರ ಹೊಲ ಹುಡುಕಲು ಹೊರಟೆ.