ಲುಕ್ಸಾನಕ್ಕೆ ಲುಕ್ಸಾನ ಎಂದೇ ಬರೆದ ವರದಿ

ಮೊನ್ನೆ ಅಂಚೆಯಲ್ಲಿ ದೊಡ್ಡ ಕಂಪನಿಯೊಂದರ ವಾರ್ಷಿಕ ವರದಿ ಬಂತು. ಎಂದೋ ಹುಮ್ಮಸ್ಸಿನಲ್ಲಿ ಕೊಂಡ ನಾಲ್ಕಾರು ಷೇರುಗಳ ಪುಣ್ಯ. ನುಣುಪು ಹಾಳೆ, ಹೊಸ ಶಾಯಿಯ ವಾಸನೆ, ಮೊದಲ ಪುಟದಲ್ಲೇ ನಗುವ ಅಧ್ಯಕ್ಷರು. ಕಲಬುರಗಿಯ ಕಾಲೇಜಿನಲ್ಲಿ ಬದುಕಿಡೀ ವಾಣಿಜ್ಯದ ಪಾಠ ಹೇಳಿದವನು ನಾನು. ಆದರೂ ನಿಮ್ಮಲ್ಲಿ ಮುಚ್ಚುಮರೆ ಏಕೆ? ಇಂಥ ವರದಿಗಳನ್ನು ಓದಿದ್ದಕ್ಕಿಂತ ಅವುಗಳ ಮೇಲೆ ತೂಕಡಿಸಿದ್ದೇ ಹೆಚ್ಚು.

ಆ ಶಾಯಿಯ ವಾಸನೆಗೆ ಕಮಲಾಪುರದ ಶಾಂತಕ್ಕ ನೆನಪಾದರು. ಅಲ್ಲಿಯ ಕೆಂಪು ಬಾಳೆಯ ರುಚಿ ನಿಮಗೆ ಗೊತ್ತಿರಬಹುದು; ಗೊತ್ತಿಲ್ಲದಿದ್ದರೆ ಈ ಪ್ರಬಂಧ ಬಿಟ್ಟು ಮೊದಲು ಹಣ್ಣು ತಿನ್ನುವುದು ಒಳ್ಳೆಯದು. ಅದನ್ನು ಬೆಳೆಯುವವರೇ ಷೇರು ಹಾಕಿ ಒಂದು ಪುಟ್ಟ ಕಂಪನಿ ಕಟ್ಟಿದ್ದರು. ಶಾಂತಕ್ಕ ಅದರ ಅಧ್ಯಕ್ಷೆ. ಒಂದು ವರ್ಷ ಕಂಪನಿಗೆ ನಷ್ಟವಾಯಿತು. ಷೇರುದಾರರ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕಾದ ವರದಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನಗೂ ನನ್ನ ಹೆಂಡತಿಯ ಅಣ್ಣ ಅಣ್ಣಾರಾವ್ ಮಾಸ್ತರರಿಗೂ ಬಿತ್ತು. ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಬಸ್ಸು ತಪ್ಪಿದರೂ ಹಳಗನ್ನಡದಲ್ಲಿ ಮರುಗುವವರು.

ಇಬ್ಬರೂ ಸೇರಿ ಬರೆದದ್ದನ್ನು ಶಾಂತಕ್ಕನ ಪಡಸಾಲೆಯಲ್ಲಿ ಮಾಸ್ತರರು ಗಂಭೀರವಾಗಿ ಓದಿದರು: "ಪ್ರತಿಕೂಲ ಪರಿಸ್ಥಿತಿಗಳ ಹಿನ್ನೆಲೆಯಲ್ಲಿ ಲಾಭಾಂಶ ಘೋಷಣೆಯನ್ನು ಪರಿಗಣಿಸಲಾಗಿರುವುದಿಲ್ಲ."

ಶಾಂತಕ್ಕ ಮಾಸ್ತರರ ಕಡೆ ತಿರುಗಿದರು. "ಮಂತ್ರ ಕೇಳಿದಂಗ ಆತು ನೋಡ್ರಿ ಮಾಸ್ತರ್ರ. ಮಂದಿ ಕೈ ಎತ್ತಬೇಕೋ, ಕೈ ಮುಗೀಬೇಕೋ?"

ನಾನು ನಕ್ಕೆ. ಆಮೇಲೆ ಆ ವಾಕ್ಯ ನನ್ನದೇ ಎಂದು ನೆನಪಾಗಿ ನಗು ನಿಲ್ಲಿಸಿದೆ.

"ಆಗಿದ್ದೇನು, ಅದನ್ನ ಬರೀರಿ ಸರ್," ಎಂದರು ಶಾಂತಕ್ಕ. "ಹಣ್ಣು ಮಾಗ್ಸೋ ಖೋಲಿ ಮಷಿನ್ ಕೆಟ್ಟಿತು. ರಿಪೇರಿ ಮಾಡ್ಸಾಕ ನಾವು ತಡ ಮಾಡಿದ್ವಿ. ಹಣ್ಣು ಕರ್ರಗಾದ್ವು. ಲುಕ್ಸಾನ ಆತು."

ಪಕ್ಕದಲ್ಲಿದ್ದ ನಿರ್ದೇಶಕ ಬಸಣ್ಣ ಗಾಬರಿಯಾದ. "ಅಕ್ಕಾ, 'ನಾವು ತಡ ಮಾಡಿದ್ವಿ' ಅಂತ ಬರದ್ರ ನಿಮ್ಮ ಖುರ್ಚಿ ಹೋಗ್ತದ. ತಿಳೀದಿದ್ರ ಮಂದಿ ಸುಮ್ನ ಕೈ ಎತ್ತತಾರ. ತಿಳಿದ್ರ ಕೇಳತಾರ."

"ಕೇಳ್ಲಿ ಬಿಡೋ. ರೊಕ್ಕ ಅವರದಲ್ಲೇನು?"

ಮಾಸ್ತರರು ಕನ್ನಡಕ ಒರೆಸಿಕೊಂಡು ಹೊಸ ಹಾಳೆ ತೆಗೆದರು.

ಸಭೆಯಲ್ಲಿ ಆ ವರದಿಯನ್ನು ಶಾಂತಕ್ಕ ತಾವೇ ಓದಿದರು. ಹಿಂದೆಲ್ಲ ಚಹಾ ಕುದಿಯುವ ಮೊದಲೇ ಮುಗಿಯುತ್ತಿದ್ದ ಸಭೆ ಅಂದು ಚಹಾ ತಣ್ಣಗಾದರೂ ಮುಗಿಯಲಿಲ್ಲ. ಯಾಕೆ ತಡ ಮಾಡಿದಿರಿ, ಬೇರೆ ಖೋಲಿ ಬಾಡಿಗೆಗೆ ಏಕೆ ಹಿಡಿಯಲಿಲ್ಲ ಎಂದು ಷೇರುದಾರರು ಸಿಟ್ಟಿನಲ್ಲಿ ಕೇಳಿದರು. ಕಂಪನಿ ಮುಚ್ಚಿಬಿಡಿ ಎಂದೂ ಒಬ್ಬರು ಕೂಗಿದರು. ಶಾಂತಕ್ಕ ನಿಂತೇ ಉತ್ತರ ಕೊಟ್ಟರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರು. ಕೊನೆಗೆ ಕಂಪನಿ ಉಳಿಯಲಿ, ಹೊಸ ಮಷಿನ್ ತರೋಣ ಎಂದು ಸಭೆಯೇ ತೀರ್ಮಾನಿಸಿತು. ಶಾಂತಕ್ಕನ ಖುರ್ಚಿ ಮಾತ್ರ, ಬಸಣ್ಣ ಹೆದರಿದ ಹಾಗೆಯೇ, ಹೋಯಿತು. ಅದರಲ್ಲಿ ಕೂತವನೂ ಬಸಣ್ಣನೇ.

ಅಂದು ವಾಪಸಾಗುವಾಗ ನನಗೆ ಪಿಚ್ಚೆನಿಸಿತ್ತು. ನೇರ ಮಾತು ಬರೆದುಕೊಟ್ಟು ಒಬ್ಬ ಒಳ್ಳೆಯ ಹೆಂಗಸಿನ ಸ್ಥಾನ ಕಳೆದೆವಲ್ಲ ಎಂದು ಮಾಸ್ತರರೂ ದಾರಿಯುದ್ದಕ್ಕೂ ಪೇಚಾಡಿದರು.

ನಿನ್ನೆ ಈ ವರ್ಷದ ಸಭೆ ಇತ್ತು. ತಡೆಯಲಾರದೆ ಕಮಲಾಪುರದ ಬಸ್ಸು ಹತ್ತಿದೆ. ಹಿಂದಿನ ಸಾಲಿನಲ್ಲಿ ಶಾಂತಕ್ಕನ ಪಕ್ಕ ಜಾಗ ಸಿಕ್ಕಿತು. ಬಸಣ್ಣ ವರದಿ ಓದುತ್ತಾ ಒಂದು ಕಡೆ ಗಂಟಲು ಸರಿಮಾಡಿಕೊಂಡು, "ಅನಿವಾರ್ಯ ಕಾರಣಗಳಿಂದ…" ಎಂದ.

"ಯಾವ ಕಾರಣ?" ಎಂದು ಸಭೆಯ ನಾಲ್ಕೂ ಮೂಲೆಗಳಿಂದ ದನಿ ಎದ್ದಿತು. "ಬಿಡಿಸಿ ಹೇಳ್ರಿ ಅಧ್ಯಕ್ಷರ!"

ಏಳಲು ಹೊರಟಿದ್ದ ಶಾಂತಕ್ಕ ಮತ್ತೆ ಒರಗಿ ಕೂತರು. ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: "ಇನ್ನ ನಾ ಏಳೋ ಜರೂರತ್ತಿಲ್ಲ ಬಿಡ್ರಿ ಸರ್."