ಕಾಂತಾಬಾಯಿಯ ಸಂದೂಕಕ್ಕೆ ಬಂಗಾರದ ಮೇಣ

ಅನುಮಾನ ಪಡುವುದರಲ್ಲಿ ನಾರಾಯಣಪುರದ ಕಾಂತಾಬಾಯಿಗೆ ಬಸವಕಲ್ಯಾಣ ತಾಲ್ಲೂಕಿನಲ್ಲೇ ಸಾಟಿಯಿರಲಿಲ್ಲ. ಕೋಳಿ ಕಣ್ಣೆದುರೇ ಮೊಟ್ಟೆಯಿಟ್ಟರೂ, "ಖರೇನ ನಿಂದೇನ?" ಎಂದು ಕೋಳಿಯನ್ನೇ ವಿಚಾರಿಸುವವಳು. ನಲವತ್ತು ವರ್ಷ ಹೊಲದಲ್ಲಿ ಕೂಲಿ ಮಾಡಿದರೂ ಒಂದು ದಿನವೂ ಮೋಡವನ್ನು ನಂಬಿದವಳಲ್ಲ.

ಅಂಥವಳು ಮೊಮ್ಮಗಳ ಹಟಕ್ಕೆ ಸೋತು, ಅವ್ವ ಬಿಟ್ಟುಹೋದ ತೇಗದ ಸಂದೂಕವನ್ನು ಹೊಳಪು ಮಾಡಿಸಲು ಹುಮನಾಬಾದಿನ ಬಡಿಗ ಸೂರ್ಯಕಾಂತನಿಗೆ ಒಪ್ಪಿಸಿದ್ದೇ ಒಂದು ಪವಾಡ. ಎಂಟು ದಿನದ ಮೇಲೆ ಹೋಗಿ ನೋಡಿದರೆ, ಮಸಿ ಹಿಡಿದಿದ್ದ ಪೆಟ್ಟಿಗೆ ಮೇಣ ಉಜ್ಜಿಸಿಕೊಂಡು, ಕೆತ್ತನೆಯ ಬಳ್ಳಿಗಳಿಗೆ ಬಂಗಾರದ ಬಣ್ಣ ತುಂಬಿಸಿಕೊಂಡು, ಸೂರ್ಯನೇ ಕಣ್ಣು ಮುಚ್ಚುವಷ್ಟು ಹೊಳೆಯುತ್ತಿತ್ತು.

"ಇದು ನಮ್ದಲ್ಲ," ಎಂದಳು ಕಾಂತಾಬಾಯಿ. "ನಮ್ಮವ್ವ ದೀಪಾ ಕೆಡವಿ ಸುಟ್ಟ ಕಲೆ ಎಲ್ಲಿ ಅದ? ಯಾರಿಗಿ ಮಾರಿದಿ ನಮ್ಮ ಸಂದೂಕ?"

"ಮೌಶಿ, ಕಲೆ ಮೇಣದ ಬುಡಕ ಅದರಿ. ಮುಚ್ಚಾಕ ನನಗ ಮೂರು ದಿನಾ ಹಿಡೀತು."

"ತಪ್ಪು ಮಾಡಿದವರೇ ಮುಚ್ಚೋದು!"

ಸೂರ್ಯಕಾಂತ ಟರ್ಪೆಂಟೈನ್ ಹಚ್ಚಿದ ಬಟ್ಟೆಯನ್ನು ಅವಳ ಕೈಗಿಟ್ಟ. "ನೀವೇ ಒರಸಿ ನೋಡ್ರಿ."

ಅವಳು ಒರೆಸಿದ ರಭಸಕ್ಕೆ ಆ ತೇಗ ಗಾಬರಿಯಾಗಿ ಮತ್ತೆ ಚಿಗುರಬೇಕಿತ್ತು. ಮೇಣ ಕರಗಿ, ಕೊನೆಗೆ ನಾಲ್ಕಾಣೆ ಅಗಲದ ಕರಿ ಕಲೆ ಹೊರಬಂತು. ಕಾಂತಾಬಾಯಿ ಅದರ ಮೇಲೆ ಬೆರಳಿಟ್ಟು ಅದರ ಅಂಚನ್ನು ಸುತ್ತಲೂ ಸವರಿದಳು.

"ಮತ್ತ ಮೇಣ ಹಚ್ಚಿ ಮುಚ್ಚಲೇನ್ರಿ?" ಎಂದು ಸೂರ್ಯಕಾಂತ ಮೆಲ್ಲಗೆ ಕೇಳಿದ.

"ಬ್ಯಾಡಪಾ, ಹಿಂಗೇ ಇರ್ಲಿ. ಹೊರಗ ನಿಂತ ಆ ಟೆಂಪೋ ಕರಿ. ನಾ ಸಂದೂಕದ ಮ್ಯಾಲೇ ಕುಂದರ್ತೀನಿ. ನಮ್ಮೂರ ತನಕ ರಸ್ತಾ ಭಾಳ ದೂರದ, ಆ ಡ್ರೈವರನ ಮಾರಿ ನೋಡಿದ್ರ ನನಗ್ಯಾಕೋ ಬರೋಬ್ಬರಿ ಅನಸವಲ್ದು."